ಕುರ್ಚಿ ಹೊತ್ತು ವ್ಯಾನ್ ಹುಡುಕಿದ್ದು

ಹಳೆಯ ವ್ಯಾನ್ ಕೊಳ್ಳುತ್ತೇನೆ ಎಂದರೆ ಸಾಕು, ಎದುರು ಸಿಕ್ಕವರೆಲ್ಲ ಮೆಕ್ಯಾನಿಕ್‌ಗಳಾಗಿಬಿಡುತ್ತಾರೆ. ಇಂಜಿನ್ ನೋಡಿ ಎನ್ನುವವರು ಒಬ್ಬರು, ಎಷ್ಟು ಕಿಲೋಮೀಟರ್ ಓಡಿದೆ ನೋಡಿ ಎನ್ನುವವರು ಇನ್ನೊಬ್ಬರು, ಡೀಸೆಲ್ ಗಾಡಿಯನ್ನೇ ಕೊಳ್ಳಿ ಎನ್ನುವವರು ಮತ್ತೊಬ್ಬರು. ಅದರೊಳಗೇ ಮಲಗಿ, ಅಡುಗೆ ಮಾಡಿಕೊಂಡು ನಾಲ್ಕು ಊರು ಸುತ್ತುವುದಕ್ಕೆ ಎಂದು ಸೇರಿಸಿದರೆ ಮಾತ್ರ ಮುಖಭಾವ ಬದಲಾಗುತ್ತದೆ. “ಸಿನಿಮಾದವರ ಕ್ಯಾರವಾನ್ ಥರಾನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಬಿಳಿ ಕೂದಲು ನೋಡುತ್ತಾರೆ.

ನಾವು ಇಂಜಿನ್‌ನಿಂದ ಶುರು ಮಾಡಲಿಲ್ಲ, ಒಂದು ಕುರ್ಚಿಯಿಂದ ಶುರು ಮಾಡಿದೆವು. ಮಡಚುವ ಸ್ಟೀಲ್ ಕುರ್ಚಿ, ನಡುವೆ ರಂಧ್ರ, ಅದರ ಕೆಳಗೆ ಪ್ಲಾಸ್ಟಿಕ್ ಪಾತ್ರೆ. ಮೂರು ವರ್ಷದ ಹಿಂದೆ ನನ್ನ ಹೆಂಡತಿಯ ಎರಡೂ ಮಂಡಿಗಳನ್ನು ಬದಲಿಸಿದಾಗ ತಂದ ಕಮೋಡ್ ಕುರ್ಚಿ ಅದು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಯೊಳಗೆ ಓಡಾಡುತ್ತಾಳೆ, ದೇವರ ಮನೆಯಲ್ಲಿ ಸ್ಟೂಲ್ ಮೇಲೆ ಕೂತು ಪೂಜೆ ಮಾಡುತ್ತಾಳೆ, ಸಂಜೆ ಒಂದು ಸುತ್ತು ವಾಕಿಂಗೂ ಹೋಗುತ್ತಾಳೆ. ಆದರೆ ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ. ಈ ಒಂದು ಮಾತಿನಿಂದ ಅವಳ ಪ್ರಯಾಣವೆಲ್ಲ ನಿಂತುಹೋಯಿತು.

ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡಸರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ ಸ್ಟ್ಯಾಂಡಿನ ಶೌಚಾಲಯ, ಪೆಟ್ರೋಲ್ ಬಂಕಿನ ಶೌಚಾಲಯ, ಮದುವೆ ಛತ್ರದ ಶೌಚಾಲಯ ಇವುಗಳಲ್ಲಿ ಹೆಚ್ಚಿನವು ಈಗಲೂ ಕುಕ್ಕರುಗಾಲಿನವೇ. ಇರುವ ಒಂದು ಕಮೋಡಿಗೆ ಬೀಗ, ಇಲ್ಲವೆ ಅದರೊಳಗೆ ಪೊರಕೆ, ಬಕೆಟ್. ಹಾಗಾಗಿ ಎಲ್ಲಿಗಾದರೂ ಹೊರಡುವ ದಿನ ಇವಳು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಕಾಫಿಯನ್ನೂ ಅರ್ಧ ಲೋಟ ಬಿಡುತ್ತಿದ್ದಳು. ಎರಡು ಸಲ ಮೂತ್ರದ ಸೋಂಕು ಆಯಿತು. ನೀರು ಕಡಿಮೆ ಕುಡಿದು, ಗಂಟೆಗಟ್ಟಲೆ ತಡೆದುಕೊಂಡಿದ್ದರೆ ಹೀಗೇ ಆಗುತ್ತದೆ ಎಂದು ಡಾಕ್ಟರಮ್ಮ ಬೈದರು. ಆಮೇಲೆ ಅವಳು ಹೋಗುವುದನ್ನೇ ಬಿಟ್ಟಳು. ಕುಂದಾಪುರದ ಹತ್ತಿರ ಹಳ್ಳಿಯಲ್ಲಿರುವ ಅವಳ ಅಕ್ಕನಿಗೆ 81. ಶಿವಮೊಗ್ಗದಿಂದ ಘಾಟಿ ಇಳಿದರೆ ಅರ್ಧ ದಿನದ ದಾರಿ. ಎರಡೂವರೆ ವರ್ಷ ಅಕ್ಕ ತಂಗಿ ಫೋನಿನಲ್ಲೇ ಮಾತಾಡಿದರು.

ಹೋದ ಬೇಸಿಗೆಯಲ್ಲಿ ಒಂದು ದಿನ ಅವಳೇ ಹೇಳಿದಳು. “ರೀ, ಈ ಕುರ್ಚಿ ಇಟ್ಟುಕೊಂಡು ಹೋಗೋ ಅಂಥ ಗಾಡಿ ಇರಲ್ವಾ?” ನಗುತ್ತಲೇ ಹೇಳಿದ್ದು. ನಾನು ನಗಲಿಲ್ಲ. ಬ್ಯಾಂಕಿನಲ್ಲಿ 34 ವರ್ಷ ಗುಮಾಸ್ತನಾಗಿದ್ದವನಿಗೆ ಅರ್ಜಿ ಬಂದಮೇಲೆ ಅದಕ್ಕೊಂದು ಫೈಲ್ ತೆರೆಯುವುದೇ ಅಭ್ಯಾಸ.

ರಜೆಗೆ ಬಂದಿದ್ದ ಮೊಮ್ಮಗಳು, ಆರನೇ ತರಗತಿ, ಫೈಲಿನ ಸಹಾಯಕಿಯಾದಳು. ಮೊದಲ ಕೆಲಸ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ವ್ಯಾನ್ ಬರೆಯುವುದು. ಮಾರುತಿ ಓಮ್ನಿ ಹೊರಗಿನ ಅಳತೆಯಲ್ಲಿ 3,370 ಮಿಲಿಮೀಟರ್ ಉದ್ದ, 1,410 ಅಗಲ. ಅಂದರೆ ಸುಮಾರು ಹನ್ನೊಂದು ಅಡಿ, ನಾಲ್ಕೂವರೆ ಅಡಿ. ಈಕೋ 3,675 ಉದ್ದ, 1,475 ಅಗಲ, ಎಂದರೆ ಹನ್ನೆರಡು ಅಡಿ, ನಾಲ್ಕು ಅಡಿ ಹತ್ತು ಇಂಚು. ಮಿಲಿಮೀಟರನ್ನು ಅಡಿಗೆ ತರುವ ಭಾಗಾಕಾರವೆಲ್ಲ ಅವಳದೇ. ಆ ಗೆರೆಯೊಳಗೆ ಮುಂದಿನ ಸೀಟುಗಳ ಜಾಗ ಬಿಟ್ಟು ಚಾಪೆ ಹಾಸಿ ನಾನು, ನನ್ನ ಹೆಂಡತಿ ಮಲಗಿದೆವು. ಪಕ್ಕದ ಮನೆಯವರು ತಾರಸಿಯಿಂದ ನೋಡಿ ಏನಂದುಕೊಂಡರೋ, ಕೇಳಲಿಲ್ಲ. ಮಲಗುವುದಕ್ಕೇನೋ ಸಾಲುತ್ತದೆ. ಕುರ್ಚಿ ಎಲ್ಲಿಡುವುದು? “ಅಜ್ಜ, ಅಜ್ಜಿ ರಾತ್ರಿ ಎದ್ರೆ ನೀನೂ ಏಳಬೇಕು” ಎಂದು ಮೊಮ್ಮಗಳು ಲೆಕ್ಕ ಹೇಳಿದಳು.

ಆದರೂ ಓಮ್ನಿಯನ್ನು ನೋಡದೆ ಬಿಡಲಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಗಾಡಿ, 2019ರಲ್ಲಿ ನಿಂತಿತು. ನಮ್ಮ ಊರಿನಲ್ಲಿ ಈಗಲೂ ಪ್ರತಿ ಬೀದಿಗೊಂದು ಇದೆ. ಜಾರುವ ಬಾಗಿಲು, ತಗ್ಗಾದ ನೆಲ, ಎಲ್ಲಿ ಬೇಕಾದರೂ ತಿರುಗುತ್ತದೆ, ರಿಪೇರಿ ಅಗ್ಗ. ಇಬ್ಬರು ಯುವಕರು ಹಿಂದೆ ಹಾಸಿಗೆ ಹಾಕಿಕೊಂಡು ಊರೂರು ಸುತ್ತಲು ಅದಕ್ಕಿಂತ ಒಳ್ಳೆಯ ಗಾಡಿ ಬೇಡ. ನಾವು ತರಕಾರಿ ವ್ಯಾಪಾರಿಯೊಬ್ಬರ ಓಮ್ನಿ ನೋಡಲು ಕುರ್ಚಿಯನ್ನೂ ಆಟೋದಲ್ಲಿ ಹೊತ್ತುಕೊಂಡೇ ಹೋದೆವು. ಒಳಗಿಟ್ಟು ಇವಳು ಕೂತಳು. ಕೂತಿದ್ದೇನೋ ಆಯಿತು, ಏಳುವುದಕ್ಕೆ ಆಗಲಿಲ್ಲ. ಮಂಡಿ ಬದಲಿಸಿದವರು ಏಳುವಾಗ ಬೆನ್ನು ನೇರ ಮಾಡಿ ಕಾಲಿನ ಮೇಲೆ ಭಾರ ಹಾಕಬೇಕು. ಇಲ್ಲಿ ತಲೆಗೆ ಮೇಲ್ಛಾವಣಿ ತಾಗುತ್ತದೆ. ಬಗ್ಗಿಕೊಂಡೇ ಎದ್ದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ವ್ಯಾಪಾರಿಗೆ ನಾವು ಏನು ಪರೀಕ್ಷೆ ಮಾಡುತ್ತಿದ್ದೇವೆಂದು ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿಯನ್ನು ಆತನೇ ಆಟೋವರೆಗೆ ತಂದುಕೊಟ್ಟು, “ನಮ್ಮಮ್ಮಂಗೂ ಇದೇ ತೊಂದ್ರೆ ಸಾರ್” ಎಂದ.

ಈಕೋ ಇನ್ನೂ ಎತ್ತರ, ಆದರೆ ನಿಲ್ಲುವಷ್ಟು ಅಲ್ಲ. ನಾವು ನೋಡಿದ್ದು ಸಿ.ಎನ್.ಜಿ. ಗಾಡಿ, ಹಿಂದಿನ ಜಾಗವನ್ನು ಸಿಲಿಂಡರೇ ನುಂಗಿತ್ತು. ಹತ್ತು ನಿಮಿಷದಲ್ಲಿ ಹೊರಬಂದೆವು.

ಅಲ್ಲಿಗೆ ಒಂದು ವಿಷಯ ಖಚಿತವಾಯಿತು. ನಿಂತುಕೊಳ್ಳುವ ಎತ್ತರ ಬೇಕೆಂದರೆ ಟಿ.ಟಿ., ಇಲ್ಲವೆ ಟಾಟಾ ವಿಂಗರ್‌ನ ಎತ್ತರದ ಛಾವಣಿಯ ಗಾಡಿ. ಟಿ.ಟಿ. ಅಂದರೆ ಟೆಂಪೋ ಟ್ರಾವೆಲರ್. ನಮ್ಮ ಕಾಲದ ಮೆಟಡೋರ್ ಮಾಡುತ್ತಿದ್ದ ಬಜಾಜ್ ಟೆಂಪೋ ಕಂಪನಿಯೇ ಅದನ್ನು 1987ರಲ್ಲಿ ತಂದಿದ್ದು. ಈಗ ಆ ಕಂಪನಿಯ ಹೆಸರು ಫೋರ್ಸ್. ಧರ್ಮಸ್ಥಳ, ಶಿರಡಿ, ತಿರುಪತಿ ಎಂದು ಕುಟುಂಬ ಸಮೇತ ಹೋದವರೆಲ್ಲ ಅದರಲ್ಲಿ ಒಮ್ಮೆಯಾದರೂ ಕೂತಿರುತ್ತಾರೆ.

ಮೊದಲು ಸಿಕ್ಕ ಟಿ.ಟಿ. ಒಂದು ಆಂಬುಲೆನ್ಸ್. ಖಾಸಗಿ ಆಸ್ಪತ್ರೆಯೊಂದು ಮಾರಲು ಇಟ್ಟಿತ್ತು. ಹನ್ನೊಂದು ವರ್ಷದ ಗಾಡಿ, ಮೀಟರಿನಲ್ಲಿ ಓಡಿದ್ದು ಬಹಳ ಕಡಿಮೆ. ಆಟೋ ಕಾಂಪ್ಲೆಕ್ಸಿನ ನಮ್ಮ ಮೆಕ್ಯಾನಿಕ್ ಜೊತೆಗೆ ಬಂದಿದ್ದ. ಅವನು ಮೀಟರಿನ ಕಡೆ ನೋಡಲೇ ಇಲ್ಲ. “ಆಂಬುಲೆನ್ಸ್ ನಿಂತ ಜಾಗದಲ್ಲೇ ಗಂಟೆಗಟ್ಟಲೆ ಇಂಜಿನ್ ಆನ್ ಇಟ್ಟಿರ್ತಾರೆ ಸಾರ್, ಒಳಗಿನ ಎ.ಸಿ.ಗೆ. ಕಿಲೋಮೀಟರ್ ಏರಲ್ಲ, ಇಂಜಿನ್ ಸವೀತಾ ಇರುತ್ತೆ.” ಇದು ನನಗೆ ಬಹಳ ಹಿಡಿಸಿತು. ಪಾಸ್‌ಬುಕ್ಕಿನಲ್ಲಿ ಕಾಣುವ ಬಾಕಿ ಬೇರೆ, ಆ ಮನುಷ್ಯನ ನಿಜವಾದ ಸ್ಥಿತಿ ಬೇರೆ ಎಂದು ಎಷ್ಟೋ ಸಲ ಕೌಂಟರಿನಲ್ಲಿ ಕೂತು ನೋಡಿದ್ದೇನೆ.

ನನ್ನ ಮನಸ್ಸಿನಲ್ಲಿ ಬೇರೆ ಹಿಂಜರಿಕೆ ಇತ್ತು. ಆ ಗಾಡಿಯಲ್ಲಿ ಎಷ್ಟು ಜನ ಕೊನೆಯುಸಿರು ಎಳೆದಿರಬಹುದು? ಅದರೊಳಗೆ ನಾವು ಹಾಸಿಗೆ ಹಾಸುವುದೇ? ಮಾತನ್ನು ಹೇಗೆ ತೆಗೆಯಲಿ ಎಂದುಕೊಳ್ಳುತ್ತಿರುವಾಗ ಇವಳೇ ನನ್ನ ಮುಖ ನೋಡಿ, “ಬದುಕಿದವರೂ ಇದ್ದಾರಲ್ರೀ” ಎಂದಳು. ಆಪರೇಷನ್ ಆದ ಮೇಲೆ ಅವಳನ್ನು ಮನೆಗೆ ತಂದದ್ದೂ ಅಂಥದ್ದೇ ಗಾಡಿಯಲ್ಲಿ.

ಅದನ್ನು ಬಿಟ್ಟಿದ್ದು ಆ ಕಾರಣಕ್ಕಲ್ಲ. ಮೆಕ್ಯಾನಿಕ್ ನೆಲದ ರೆಕ್ಸಿನ್ ಎತ್ತಿ ಸ್ಕ್ರೂಡ್ರೈವರಿನಿಂದ ತಟ್ಟಿದ. ಒಂದು ಕಡೆ ಠಣ್ ಎಂದಿತು, ಇನ್ನೊಂದು ಕಡೆ ಸದ್ದೇ ಇಲ್ಲ, ತುದಿ ಒಳಗೆ ಹೋಯಿತು. ವರ್ಷಗಟ್ಟಲೆ ದಿನಾ ನೀರು, ಫಿನಾಯಿಲ್ ಹಾಕಿ ತೊಳೆದ ತಗಡು. ಇಂಜಿನ್ ಹಾಳಾದರೆ ಬಿಚ್ಚಿ ಸರಿಮಾಡಬಹುದು, ತುಕ್ಕು ಹಿಡಿದ ಮೈಯನ್ನು ಏನು ಮಾಡುತ್ತೀರಿ? ಅದರ ಮೇಲೆ ಪ್ಲೈವುಡ್ ಹೊಡೆದರೆ ತುಕ್ಕು ಕಾಣದೇ ಬೆಳೆಯುತ್ತದೆ. ಮನೆ ಮಾಡುವ ವ್ಯಾನಿಗೂ ಸುಮ್ಮನೆ ಓಡಿಸುವ ವ್ಯಾನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ಅನ್ನಿಸಿದೆ. ಒಮ್ಮೆ ಮುಚ್ಚಿದ ನೆಲವನ್ನು ಮತ್ತೆ ನೋಡುವವರಿಲ್ಲ.

ಅಂದಿನಿಂದ ಮೊಮ್ಮಗಳ ಕೈಗೆ ಒಂದು ಆಯಸ್ಕಾಂತ ಬಂತು. ಫ್ರಿಜ್ ಬಾಗಿಲಿನದು, ಬಣ್ಣ ಗೀಚದಿರಲಿ ಎಂದು ಕರವಸ್ತ್ರದಲ್ಲಿ ಸುತ್ತಿದ್ದು. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು, ಛಾವಣಿಯ ನೀರು ಇಳಿಯುವ ಗಾಡಿ ಅಂಚು, ಇಲ್ಲೆಲ್ಲ ಇಟ್ಟು ನೋಡುವುದು ಅವಳ ಡ್ಯೂಟಿ. ತಗಡಿದ್ದರೆ ಹಿಡಿಯುತ್ತದೆ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತದೆ. ಕರಾವಳಿಯಲ್ಲಿ ಓಡಿದ ಒಂದು ಟಿ.ಟಿ.ಯಲ್ಲಿ ಆಯಸ್ಕಾಂತ ಐದು ಕಡೆ ಬಿತ್ತು. ಉಪ್ಪು ಗಾಳಿಯ ಕೆಲಸ. ಬ್ರೋಕರ್, “ಮಗೂನ ಸ್ವಲ್ಪ ಆಚೆ ಕರ್ಕೊಳ್ಳಿ ಸಾರ್, ಗಾಡಿ ಬಿಸಿ ಇದೆ” ಎಂದ. ಬಿಸಿ ಇದ್ದದ್ದೂ ಒಂದು ಸುಳಿವೇ. ಗಾಡಿ ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕಂತೆ. ತಣ್ಣಗಿರುವ ಡೀಸೆಲ್ ಇಂಜಿನ್ ಬೆಳಿಗ್ಗೆ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದೇ ಪರೀಕ್ಷೆ. ಮೊದಲೇ ಬಿಸಿ ಮಾಡಿಟ್ಟರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಕೊಟ್ಟಂತೆ.

ಟೈರಿನ ವಿಷಯವನ್ನು ಮಕ್ಕಳಿಗಾಗಿ ಹೇಳಬೇಕು, ನಿಮ್ಮ ಮನೆಯ ಗಾಡಿಯಲ್ಲೂ ನೋಡಬಹುದು. ಟೈರಿನ ಪಕ್ಕದಲ್ಲಿ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ಸವೆಯದೆ ಫಳಫಳ ಹೊಳೆಯುವ ಟೈರೂ ಹತ್ತು ವರ್ಷ ಹಳೆಯದಾಗಿರಬಹುದು. ಮೊಮ್ಮಗಳು ರಸ್ತೆಯಲ್ಲಿ ನಿಂತ ಗಾಡಿಗಳ ಟೈರನ್ನೆಲ್ಲ ಓದುತ್ತಾ ಬಂದು ಒಂದು ವಾರ ನಮಗೆ ತಲೆನೋವಾಗಿತ್ತು.

ನಡುವೆ ಮಗನಿಂದ ಫೋನ್. ಬೆಂಗಳೂರಿನಲ್ಲಿರುತ್ತಾನೆ. “ಅಪ್ಪ, ಟ್ಯಾಕ್ಸಿ ಮಾಡ್ಕೊಂಡು ಹೋಗಿ, ಒಳ್ಳೇ ಹೋಟೆಲ್ ಬುಕ್ ಮಾಡ್ತೀನಿ. ಈ ವಯಸ್ಸಲ್ಲಿ ವ್ಯಾನ್ ಯಾಕೆ?” ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹೋಟೆಲಿನಲ್ಲಿ ಕಮೋಡ್ ಇರುತ್ತದೆ, ಹೋಟೆಲು ತಲುಪುವವರೆಗಿನ ದಾರಿಯಲ್ಲಿ ಇರುವುದಿಲ್ಲ. ಅದನ್ನು ಅವನಿಗೆ ಹೇಳಿದ್ದು ನಾನಲ್ಲ, ಸೊಸೆ. ಅವಳೂ ಆಫೀಸಿನ ಟೂರ್‌ಗಳಲ್ಲಿ ನೀರು ಕುಡಿಯುವುದಿಲ್ಲವಂತೆ. ಅದು ನಮ್ಮ ಮಗನಿಗೂ ಆವತ್ತೇ ಗೊತ್ತಾಯಿತು ಎಂದು ಕಾಣುತ್ತದೆ, ಸ್ವಲ್ಪ ಹೊತ್ತು ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಕಡೆಗೆ ಅವನು ಎರಡು ಷರತ್ತು ಹಾಕಿದ. ಕತ್ತಲಾದ ಮೇಲೆ ಓಡಿಸಕೂಡದು, ಘಾಟಿಯಲ್ಲಿ ಡ್ರೈವರ್ ಕರೆದುಕೊಳ್ಳಬೇಕು. ಎರಡಕ್ಕೂ ಒಪ್ಪಿದೆ. ನನ್ನ ವಯಸ್ಸಿನವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ, ಪ್ರತಿಸಲ ಡಾಕ್ಟರರ ಸಹಿಯ ನಮೂನೆ 1ಎ ಕೊಡಬೇಕು. ಮುಂದಿನ ಸಲ ಕಣ್ಣು, ಕಿವಿ ಸರಿಯಿಲ್ಲ ಎಂದರೆ ಅಲ್ಲಿಗೆ ಸ್ಟಿಯರಿಂಗ್ ಬಿಡುವುದು ಎಂದು ನಾನೇ ಮೂರನೆಯ ಷರತ್ತು ಸೇರಿಸಿದೆ.

ಕೊನೆಗೆ ಸಿಕ್ಕ ಎರಡು ಗಾಡಿಗಳ ನಡುವೆ ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆಯಿತು. ಒಂದು ಟಿ.ಟಿ., ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದದ್ದು. ಇನ್ನೊಂದು ಹಳದಿ ಬಣ್ಣದ ವಿಂಗರ್, ತಾಲ್ಲೂಕಿನ ಒಂದು ಶಾಲೆಯ ವ್ಯಾನ್. ಮೆಕ್ಯಾನಿಕ್ ಟಿ.ಟಿ. ಪರ. “ಯಾವ ಊರಲ್ಲಿ ಕೆಟ್ಟು ನಿಂತರೂ ಸ್ಪೇರ್ ಸಿಗುತ್ತೆ ಸಾರ್, ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ. ಅದರ ಇಂಜಿನ್ ಮೂಲ ಬೆಂಝ್ ಕಂಪನೀದು.” ಅವನ ಮಾತು ನಿಜ. ವಿಂಗರ್ ಅಷ್ಟು ಜನಪ್ರಿಯವಲ್ಲ, ಸಣ್ಣ ಊರುಗಳಲ್ಲಿ ಬಿಡಿಭಾಗಕ್ಕೆ ಕಾಯಬೇಕಾಗಬಹುದು.

ಆದರೆ ಟಿ.ಟಿ. ಹತ್ತಲು ಇವಳು ಎರಡು ಕೈಯಲ್ಲೂ ಕಂಬಿ ಹಿಡಿದು, ನಾನು ಹಿಂದಿನಿಂದ ಒತ್ತು ಕೊಡಬೇಕಾಯಿತು. ವಿಂಗರ್ ಮುಂದೆ ನಿಂತವಳು ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ತಾನೇ ಹತ್ತಿಬಿಟ್ಟಳು. ಕಾರಣ ಮೆಕ್ಯಾನಿಕ್ಕೇ ಹೇಳಿದ. ಟಿ.ಟಿ.ಯಲ್ಲಿ ಮುಂದಿನ ಇಂಜಿನ್‌ನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗಬೇಕು, ಅದಕ್ಕೆ ನೆಲದಡಿ ಉದ್ದಕ್ಕೆ ಒಂದು ಶಾಫ್ಟ್ ಇರುತ್ತದೆ, ಅದರ ಮೇಲೆ ನೆಲ. ವಿಂಗರ್‌ನಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಶಾಫ್ಟ್ ಇಲ್ಲ, ನೆಲ ತಗ್ಗು. ಫ್ರಾನ್ಸಿನ ರೆನೋ ಕಂಪನಿಯ ವ್ಯಾನೊಂದರ ವಿನ್ಯಾಸ ತಂದು ಟಾಟಾದವರು 2007ರಲ್ಲಿ ಇದನ್ನು ಬಿಟ್ಟರು. ಅದರ ಮೇಲೆ ಶಾಲೆಯವರು ಎಲ್.ಕೆ.ಜಿ. ಮಕ್ಕಳಿಗಾಗಿ ಬಾಗಿಲ ಕೆಳಗೆ ಇನ್ನೊಂದು ಮೆಟ್ಟಿಲು ಬೆಸುಗೆ ಹಾಕಿಸಿದ್ದರು. ನೆಲದಿಂದ ಒಂದು ಗೇಣಿಗಿಂತ ಚೂರು ಎತ್ತರ. ಪಕ್ಕದಲ್ಲಿ ಹಿಡಿದುಕೊಳ್ಳಲು ಪುಟ್ಟ ಕೈಗಳ ಎತ್ತರಕ್ಕೊಂದು ಕಂಬಿ. ನಾಲ್ಕು ವರ್ಷದ ಮಗುವಿಗೂ 68 ವರ್ಷದ ಅಜ್ಜಿಗೂ ಮೆಟ್ಟಿಲಿನ ಅಳತೆ ಒಂದೇ.

ಕುರ್ಚಿ ಒಳಗೆ ಬಂತು. ಕೂತಳು, ಎದ್ದಳು. ಐದಡಿಯ ಅವಳಿಗಿರಲಿ, ಐದಡಿ ಐದು ಇಂಚಿನ ನನಗೂ ತಲೆ ತಾಗಲಿಲ್ಲ. ಮತ್ತೊಮ್ಮೆ ಕೂತು, ಕೈ ಊರದೆ ಎದ್ದು ತೋರಿಸಿದಳು. ಮೆಕ್ಯಾನಿಕ್ ನನ್ನ ಮುಖ ನೋಡಿದ. “ಸರಿ ಸಾರ್, ಇದೇ ತಗೊಳ್ಳಿ. ಸ್ಪೇರ್ ನಾನು ತರಿಸಿಕೊಡ್ತೀನಿ” ಎಂದ.

ಶಾಲಾ ವ್ಯಾನಿಗೆ ಅದರದೇ ಒಂದು ಚರಿತ್ರೆ. ದಿನಕ್ಕೆ ಎರಡೇ ಟ್ರಿಪ್, ಭಾನುವಾರ ರಜೆ, ಬೇಸಿಗೆಯಲ್ಲಿ ಎರಡು ತಿಂಗಳು ಮರದಡಿ ನಿದ್ದೆ. ಹೆಚ್ಚು ಓಡಿರುವುದಿಲ್ಲ. ಆದರೆ ನೂರು ಗಜಕ್ಕೊಂದು ಕಡೆ ನಿಂತು ಹೊರಟು ಕ್ಲಚ್, ಬ್ರೇಕ್ ಸವೆದಿರುತ್ತವೆ. ಅವೆರಡನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಂಡೆ. ಹಿಂದಿನ ಸೀಟಿನ ಬೆನ್ನಿಗೆ ಯಾರೋ ಪೆನ್ನಿನಿಂದ ಮಗ್ಗಿ ಬರೆದಿದ್ದರು, ಹದಿಮೂರರ ಮಗ್ಗಿ, ಪರೀಕ್ಷೆಯ ಬೆಳಿಗ್ಗೆ ಬರೆದಿದ್ದಿರಬೇಕು. 13 ಏಳಲಿ 81 ಎಂದಿತ್ತು. ಮೊಮ್ಮಗಳು ಪೆನ್ನು ತೆಗೆದು 91 ಎಂದು ತಿದ್ದಿದಳು.

ಇನ್ನು ಕಾಗದಪತ್ರ. ಇದು ನನ್ನ ಕ್ಷೇತ್ರ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆರ್.ಸಿ.ಯಲ್ಲಿ ಒಂದು ಬ್ಯಾಂಕಿನ ಹೆಸರು ಹೈಪಾಥಿಕೇಷನ್ ಎಂದು ಇನ್ನೂ ಕೂತಿತ್ತು. ಸಾಲ ತೀರಿ ಆರು ವರ್ಷವಾಗಿದೆ ಎಂದರು ಶಾಲೆಯವರು. ತೀರಿರಬಹುದು. ಆದರೆ ಆರ್.ಟಿ.ಓ. ದಾಖಲೆಯಲ್ಲಿ ಹೆಸರು ಇರುವವರೆಗೂ ಗಾಡಿ ಬ್ಯಾಂಕಿನ ಅಡಮಾನದಲ್ಲೇ ಇದೆ. ಬ್ಯಾಂಕು ಸಹಿ ಮಾಡಿದ ನಮೂನೆ 35 ಮತ್ತು ಸಾಲ ತೀರಿದ ಪತ್ರ ಕೊಟ್ಟು ಅದನ್ನು ತೆಗೆಸಬೇಕು. ನನ್ನ ನೌಕರಿಯಲ್ಲಿ ಇಂಥ ನಮೂನೆಗಳನ್ನು ನೂರಾರು ತುಂಬಿದ್ದೇನೆ, ಅದನ್ನು ತೆಗೆದುಕೊಂಡು ಹೋಗಿ ಬೀರುವಿನಲ್ಲಿಟ್ಟು ಮರೆಯುವವರನ್ನೂ ಅಷ್ಟೇ ನೋಡಿದ್ದೇನೆ. ಅದು ಆಗುವವರೆಗೆ ಹಣವಿಲ್ಲ ಎಂದೆ.

ಎರಡನೆಯದು, ಗಾಡಿ ಇದ್ದದ್ದು ಟ್ರಸ್ಟಿನ ಹೆಸರಿನಲ್ಲಿ. ಅಧ್ಯಕ್ಷರು ಒಳ್ಳೆಯವರು, “ನಾನೇ ಸೈನ್ ಹಾಕ್ತೀನಲ್ಲ” ಎಂದರು. ಸಂಸ್ಥೆಯ ಆಸ್ತಿ ಮಾರಲು ಒಬ್ಬರ ಸಹಿ ಸಾಲದು, ಮಾರಾಟಕ್ಕೆ ಒಪ್ಪಿ, ಸಹಿ ಹಾಕುವ ಅಧಿಕಾರ ಇಂಥವರಿಗೆ ಎಂದು ಸಭೆಯ ನಿರ್ಣಯದ ಪ್ರತಿ ಬೇಕು. ಅದು ಬಂದ ಮೇಲೆ ವರ್ಗಾವಣೆಯ ನಮೂನೆ 29, 30. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್.ಸಿ. ಜೊತೆ ಅಂಕಿ ಅಂಕಿ ತಾಳೆ ನೋಡಿದೆವು. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿಮೆ, ಎಫ್.ಸಿ. ಯಾವಾಗಿನವರೆಗೆ ಎಂದು ನೋಡುವುದನ್ನು ಮೊಮ್ಮಗಳು ಕಲಿಸಿದಳು. ಬಾಡಿಗೆ, ಶಾಲೆ ಮುಂತಾದ ಸಾರಿಗೆ ವಾಹನಗಳಿಗೆ ಎಂಟು ವರ್ಷದ ನಂತರ ಪ್ರತಿವರ್ಷ ಎಫ್.ಸಿ. ಆಗಬೇಕು. ಸ್ವಂತ ಬಳಕೆಯ ಗಾಡಿಗೆ ನೋಂದಣಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ.

ಮೂರನೆಯದೇ ಮುಖ್ಯ. ಗಾಡಿ ಕೊಂಡು ಸೀಟು ಕಿತ್ತು ಮಂಚ ಹಾಕಿದರೆ ಆಯಿತು ಎಂದುಕೊಂಡವರು ಬಹಳ ಮಂದಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ನಮ್ಮಿಷ್ಟಕ್ಕೆ ಮಾರ್ಪಡಿಸುವಂತಿಲ್ಲ. ಬಣ್ಣ ಕೂಡ ಆರ್.ಸಿ.ಯಲ್ಲಿ ಬರೆದಿರುತ್ತದೆ, ಹಳದಿಯನ್ನು ಬಿಳಿ ಮಾಡಿದರೂ ದಾಖಲಾಗಬೇಕು. ಅನುಮತಿಯಿಲ್ಲದೆ ಮಾಡಿ, ನಾಳೆ ಅಪಘಾತವಾದರೆ ವಿಮೆಯವರು ಕೈಯೆತ್ತಬಹುದು. ಕೇಂದ್ರ ಸರ್ಕಾರ ವಾಹನಗಳನ್ನು ವಿಂಗಡಿಸಿರುವ ಪಟ್ಟಿಯಲ್ಲಿ ಸ್ವಂತ ಬಳಕೆಯ ‘ಕ್ಯಾಂಪರ್ ವ್ಯಾನ್’ ಎಂಬ ವರ್ಗವೂ ಇದೆ. ಅದನ್ನು ತೋರಿಸಿ ಅರ್ಜಿ ಕೊಟ್ಟೆ. ಶಾಲೆಯವರ ಜೊತೆ ಮಾಡಿಕೊಂಡ ಕರಾರಿನಲ್ಲಿ ಆರ್.ಟಿ.ಓ. ಒಪ್ಪದಿದ್ದರೆ ಮುಂಗಡ ವಾಪಸು ಎಂದು ಒಂದು ಸಾಲು ಬರೆಸಿದೆ. ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಇವಳು ಪರದೆಯ ಬಟ್ಟೆ ಹೊಲಿದಳು.

ಗಾಡಿಗೆ ಕೊಟ್ಟದ್ದು 3,20,000 ರೂಪಾಯಿ. ಠೇವಣಿಯೊಂದನ್ನು ಮುರಿಸಿದೆ. ಹೊಸ ಕಾರಿಗಿಂತ ಕಡಿಮೆ ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಪಿಂಚಣಿದಾರನಿಗೆ ಅದು ಸಣ್ಣ ಮೊತ್ತವಲ್ಲ.

ಒಳಗಿನ ಕೆಲಸ ಬಡಗಿಯದು. ಅವನಿಗೆ ದಪ್ಪ ಪ್ಲೈವುಡ್ ಎಂದರೆ ಪ್ರೀತಿ. 18 ಮಿಲಿಮೀಟರ್ ದಪ್ಪದ, ಎಂಟಡಿ ನಾಲ್ಕಡಿಯ ಒಂದು ಹಲಗೆ ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ ಎಂದು ತೋರಿಸಿ ತೆಳುವಾದದ್ದಕ್ಕೆ ಒಪ್ಪಿಸಿದೆ. ಹದಿಮೂರು ಜನರನ್ನು ಹೊರುವ ಗಾಡಿ, ಭಾರಕ್ಕೆ ಹೆದರಬೇಕಿಲ್ಲ. ಭಾರ ಎಲ್ಲಿದೆ ಎಂಬುದೇ ಪ್ರಶ್ನೆ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಭಾರವನ್ನೆಲ್ಲ ಹಿಂದೆ ತುಂಬಿದರೆ, ಮಳೆಯಲ್ಲಿ ಏರು ಹತ್ತುವಾಗ ಮುಂದಿನ ಚಕ್ರ ಹಿಡಿತ ತಪ್ಪಿ ತಿರುಗುತ್ತದೆ. ಮಲೆನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ಹಾಗಾಗಿ ಬ್ಯಾಟರಿ, 20 ಲೀಟರಿನ ಎರಡು ನೀರಿನ ಕ್ಯಾನು ಡ್ರೈವರ್ ಸೀಟಿನ ಹಿಂದೆಯೇ. ಮೊಮ್ಮಕ್ಕಳಿಗಾಗಿ ಬೆಲ್ಟ್ ಇರುವ ಎರಡು ಸೀಟು ಉಳಿಸಿದೆವು. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಇರಕೂಡದು.

ಕುರ್ಚಿಯ ಜಾಗಕ್ಕೆ ಈಗ ಕೆಳಗೆ ತೊಟ್ಟಿಯಿರುವ, ಹೊತ್ತೊಯ್ದು ಸರಿಯಾದ ಶೌಚಾಲಯದಲ್ಲಿ ಸುರಿಯಬಹುದಾದ ಕಮೋಡ್ ಬಂದಿದೆ. ಜಾರುವ ಬಾಗಿಲಿನ ಪಕ್ಕ, ಸುತ್ತ ಪರದೆ, ಎರಡೂ ಬದಿ ಹಿಡಿಕೆ. ಸುರಿಯುವ ಕೆಲಸ ನನ್ನದು ಎಂದು ಮೊದಲೇ ತೀರ್ಮಾನವಾಗಿದೆ. ಅಡುಗೆಗೆ ಐದು ಕಿಲೋದ ಪುಟ್ಟ ಸಿಲಿಂಡರ್. ಒಲೆಯನ್ನು ಬಾಗಿಲು ತೆರೆದೇ ಹಚ್ಚಬೇಕು, ಮುಚ್ಚಿದ ಗಾಡಿಯಲ್ಲಿ ಇಂಗಾಲದ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ರಾತ್ರಿ ಒಂದು ಫ್ಯಾನು, ಒಂದು ದೀಪಕ್ಕೆ 12 ವೋಲ್ಟಿನ 100 ಆ್ಯಂಪಿಯರ್ ಬ್ಯಾಟರಿ ಧಾರಾಳ. ಟಿ.ವಿ. ಬೇಡ ಎಂದು ಇವಳೇ ಹೇಳಿದಳು, ಧಾರಾವಾಹಿ ಬಿಟ್ಟಿರಲು ಅದೊಂದು ಅವಕಾಶವಂತೆ.

ಹೋದ ತಿಂಗಳು ಸಾಗರದವರೆಗೆ ಪ್ರಯೋಗಕ್ಕೆ ಹೋಗಿಬಂದೆವು. ಗಂಟೆಗೆ 50ರ ಮೇಲೆ ಹೋಗಲಿಲ್ಲ. ಆಯನೂರು ದಾಟಿದಾಗ ಇವಳು ಬಾಟಲಿಯ ಮುಚ್ಚಳ ತೆಗೆದಳು. ಆನಂದಪುರ ಬರುವಷ್ಟರಲ್ಲಿ ಬಾಟಲಿ ಖಾಲಿ. ರಸ್ತೆ ಬದಿಯ ನೆರಳಲ್ಲಿ ನಿಲ್ಲಿಸಿ ನಾನು ಕೆಳಗಿಳಿದು ಅಡಿಕೆ ತೋಟ ನೋಡುತ್ತಾ ನಿಂತೆ. ಐದು ನಿಮಿಷದ ಮೇಲೆ ಕಿಟಕಿಯಿಂದ, “ರೀ, ಕಾಫಿ ಮಾಡ್ಲಾ?” ಎಂದು ಕೇಳಿದಳು.

ದೀಪಾವಳಿ ಮುಗಿದ ಮೇಲೆ ಕುಂದಾಪುರ. ಘಾಟಿಗೆ ಡ್ರೈವರನ್ನು ಗೊತ್ತು ಮಾಡಿದ್ದೇನೆ. ಅಲ್ಲಿಂದ ಬಂದ ಮೇಲೆ ಬಾದಾಮಿ. ಗುಹೆಗಳ ಮೆಟ್ಟಿಲು ಹತ್ತಲಾರೆ, ಅಗಸ್ತ್ಯ ತೀರ್ಥದ ದಡದಲ್ಲಿ ಒಂದು ಸಂಜೆ ಕೂತರೆ ಸಾಕು ಎಂದಿದ್ದಾಳೆ. ಅಕ್ಕನಿಗೆ ಸುದ್ದಿ ತಿಳಿಸಿದ್ದಾಗಿದೆ. ದಿನಾ ಸಂಜೆ ಫೋನ್ ಮಾಡುತ್ತಾರೆ. ನಿನ್ನೆ ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಮಾತಾಡಿದರು. ಅಂಗಳದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ, ತೆಂಗಿನ ಮರದ ಅಡಿ ಮಾತ್ರ ಬೇಡ, ಕಾಯಿ ಬಿದ್ದರೆ ನಿಮ್ಮ ಹೊಸ ಮನೆಯ ಮಾಡು ಹೋದೀತು ಎಂದರು.